ಶಿರಸಿಯ ಹಿತ್ತಲಿಗೆ ಯಾವ ಲೀಕ್?

ಇಂಗ್ಲೆಂಡಿನ ಈಶಾನ್ಯದ ಡರ್ಹಮ್‌ನಲ್ಲಿ ನೆಲೆಸಿ ತರಕಾರಿ ಬೆಳೆಯುವ ನನ್ನನ್ನು ಶಿರಸಿ ಸೀಮೆಯ ಬಂಧುಗಳು ಈಚೆಗೆ ಮೇಲಿಂದ ಮೇಲೆ ಕೇಳುವುದು ಲೀಕ್ ಬಗ್ಗೆ. ಪೇಟೆಯ ಅಂಗಡಿಯಲ್ಲಿ ಅದನ್ನು ಕಂಡವರಿಗೆ, ಸೂಪಿನಲ್ಲಿ ರುಚಿ ನೋಡಿದವರಿಗೆ, ತಮ್ಮ ಹಿತ್ತಲಿನಲ್ಲೂ ಒಂದು ಸಾಲು ಇರಲಿ ಎಂಬ ಆಸೆ ಹುಟ್ಟಿದೆ. "ನಿಮ್ಮಲ್ಲಿ ಎಲ್ಲಕ್ಕಿಂತ ಒಳ್ಳೆಯ ತಳಿ ಯಾವುದು, ಅದರ ಹೆಸರು ಹೇಳು" ಎಂದು ಚಿಕ್ಕಮ್ಮ ಫೋನಿನಲ್ಲಿ ಕೇಳಿದಾಗ, ಇಲ್ಲಿ ಒಳ್ಳೆಯದೆನಿಸಿಕೊಂಡದ್ದು ಅಲ್ಲಿಗೆ ಒಗ್ಗುವುದಿಲ್ಲ ಎಂದೇ ನಾನು ಉತ್ತರಿಸಬೇಕಾಯಿತು. ಅದಕ್ಕೆ ಕಾರಣವನ್ನು ತುಸು ವಿವರವಾಗಿಯೇ ಹೇಳಬೇಕು.

ಲೀಕ್ ಈರುಳ್ಳಿಯ ಬಳಗದ್ದೇ ಆದರೂ ಗಡ್ಡೆ ಕಟ್ಟುವುದಿಲ್ಲ. ಎಲೆಗಳ ಬುಡವೇ ಒಂದರೊಳಗೊಂದು ಸುತ್ತಿಕೊಂಡು ದಪ್ಪ ಬಿಳಿಯ ದಂಡಾಗುತ್ತದೆ, ತಿನ್ನುವುದು ಮುಖ್ಯವಾಗಿ ಅದನ್ನೇ. ಇಲ್ಲಿಯವರು ಇದರ ತಳಿಯನ್ನು ಆರಿಸುವುದು ತಿಂಗಳಿನ ಲೆಕ್ಕದಲ್ಲಿ. ಸ್ಥಳೀಯ ಆಡಳಿತದಿಂದ ಬಾಡಿಗೆಗೆ ಸಿಗುವ ತರಕಾರಿ ತುಂಡುಗಳಲ್ಲಿ ಅನುಭವಿಗಳು ಒಂದೇ ತಳಿಯನ್ನು ನೆಚ್ಚಿ ಕೂರುವುದಿಲ್ಲ. ಆಗಸ್ಟಿನಿಂದ ಅಕ್ಟೋಬರಿನವರೆಗೆ ಕೀಳಲು, ಉದ್ದವಾಗಿ ತೆಳ್ಳಗೆ ಬೇಗ ಬೆಳೆಯುವ 'ಕಿಂಗ್ ರಿಚರ್ಡ್'. ಚಳಿಗಾಲಕ್ಕೆ ಸ್ಕಾಟ್ಲೆಂಡಿನ ಹಳೆಯ ತಳಿಯಾದ, ಗಿಡ್ಡಗೆ ದಪ್ಪನೆಯ 'ಮಸಲ್‌ಬರಾ'. ಕೊರೆಯುವ ಚಳಿಗೆ ಎಲೆ ನೇರಳೆಗೆ ತಿರುಗುವ ಫ್ರಾನ್ಸಿನ 'ಬ್ಲೂ ದ ಸೊಲೇಜ್'. ಹೀಗೆ ಎರಡು ಮೂರು ಬಗೆ ಹಾಕಿದರೆ ಆಗಸ್ಟಿನಿಂದ ಮುಂದಿನ ಮಾರ್ಚಿನವರೆಗೂ ಅಡುಗೆಮನೆಗೆ ಲೀಕ್ ಬರುತ್ತಲೇ ಇರುತ್ತದೆ.

ಚಳಿಗಾಲದ ತಳಿಗಳ ದೊಡ್ಡ ಗುಣವೆಂದರೆ ಹಿಮ ಬಿದ್ದ ಮಣ್ಣಿನಲ್ಲಿ ಕೆಡದೆ, ಹೆಚ್ಚು ಬೆಳೆಯದೆ ತಿಂಗಳುಗಟ್ಟಲೆ ನಿಲ್ಲುವುದು. ಡಿಸೆಂಬರಿನಲ್ಲಿ ಏಳು ತಾಸಷ್ಟೇ ಹಗಲಿರುವ ಊರಿನಲ್ಲಿ ಆ ಗುಣಕ್ಕೆ ಬೆಲೆಯುಂಟು. ಶಿರಸಿಯಲ್ಲಿ ಅದಕ್ಕೇನು ಕೆಲಸ? ಲೀಕ್ ಚೆನ್ನಾಗಿ ಬೆಳೆಯುವುದು ಸುಮಾರು 13ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಮಳೆ ಹಿಂದಾದ ಮೇಲೆ ಘಟ್ಟದ ಮೇಲೆ ರಾತ್ರಿಗಳು ಹಾಗೆ ತಂಪಾಗಿರುವುದು ನವೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ. ಆರು ತಿಂಗಳಿಗೂ ಮಿಕ್ಕಿ ನೆಲದಲ್ಲಿ ನಿಲ್ಲಬೇಕಾದ ತಳಿ ದಪ್ಪಗಾಗುವ ಹೊತ್ತಿಗೆ ಅಲ್ಲಿ ಬೇಸಿಗೆ ಬಂದಿರುತ್ತದೆ. ಆದ್ದರಿಂದ ನಾಟಿ ಮಾಡಿದ ಎರಡೂವರೆ, ಮೂರು ತಿಂಗಳಲ್ಲಿ ಕೈಗೆ ಬರುವ 'ಕಿಂಗ್ ರಿಚರ್ಡ್' ಜಾತಿಯ ಬೇಗನೆಯ ತಳಿಯೇ ಶಿರಸಿಗೆ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬೀಜದ ಪೊಟ್ಟಣದ ಮೇಲಿನ ಚಿತ್ರಕ್ಕೆ ಮರುಳಾಗಬಾರದು. ಡರ್ಹಮ್, ನಾರ್ಥಂಬರ್‌ಲ್ಯಾಂಡಿನ ಕಲ್ಲಿದ್ದಲು ಗಣಿ ಕಾರ್ಮಿಕರು ಪ್ರದರ್ಶನದ ಸ್ಪರ್ಧೆಗೆಂದೇ ಬೆಳೆಸಿಕೊಂಡು ಬಂದ ಗಿಡ್ಡ, ಭಾರೀ ದಪ್ಪದ ಲೀಕ್‌ಗಳನ್ನು ನಾನು ಗೌರವದಿಂದಲೇ ನೋಡುತ್ತೇನೆ. ಆದರೆ ಅಡುಗೆಗೆ ಅಷ್ಟು ಗಾತ್ರ ಬೇಕಾಗಿಲ್ಲ.

ಇಲ್ಲಿ ಮಾರ್ಚ್, ಏಪ್ರಿಲಿನಲ್ಲಿ ಬಿತ್ತಿದರೆ ಅಲ್ಲಿ ಸೆಪ್ಟೆಂಬರಿನ ಮೊದಲಲ್ಲಿ, ಮಳೆ ನೇರ ಬೀಳದ ಮಾಡಿನ ಅಂಚಿನಲ್ಲಿ, ಕುಂಡದೊಳಗೆ ಬಿತ್ತಬೇಕು. ಸಸಿ ಪೆನ್ಸಿಲ್ ದಪ್ಪಕ್ಕೆ ಬರಲು ಎರಡು ತಿಂಗಳು ಹಿಡಿಯುತ್ತದೆ. ನಾಟಿಯ ಕ್ರಮವನ್ನು ಮಾತ್ರ ಇಲ್ಲಿಯದನ್ನೇ ಅನುಸರಿಸಬಹುದು. ಚೂಪಾದ ಗೂಟದಿಂದ 15 ಸೆಂಟಿಮೀಟರ್ ಆಳದ ತೂತು ಮಾಡಿ, ಒಂದೊಂದರಲ್ಲಿ ಒಂದು ಸಸಿಯನ್ನು ಇಳಿಬಿಟ್ಟು, ಮಣ್ಣು ಮುಚ್ಚದೆ ತೂತಿನ ತುಂಬ ನೀರು ಹೊಯ್ಯುವುದಷ್ಟೇ ಕೆಲಸ. ನೀರಿನೊಂದಿಗೆ ಜಾರಿದ ಮಣ್ಣು ಬೇರನ್ನು ಹಿಡಿಯುತ್ತದೆ, ತೂತಿನಲ್ಲಿ ಉಳಿದ ಪೊಳ್ಳು, ದಂಡು ದಪ್ಪಗಾಗಲು ಜಾಗ ಕೊಡುತ್ತದೆ. ಸಸಿಯಿಂದ ಸಸಿಗೆ 15, ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್ ಸಾಕು. ದಂಡು ಬಿಳಿಯಾಗಬೇಕಾದರೆ ಬೆಳಕು ತಾಗಬಾರದು. ಇಲ್ಲಿಯವರು ಮಣ್ಣು ಏರಿಸುತ್ತಾರೆ, ಇಲ್ಲವೇ ರಟ್ಟಿನ ಕೊಳವೆ ತೊಡಿಸುತ್ತಾರೆ. ಮಣ್ಣು ಏರಿಸಿದರೆ ಎಲೆಯ ಸಂದಿನಲ್ಲಿ ಹರಳು ಸೇರಿ, ತೊಳೆಯುವಾಗ ಸಾಕಾಗಿಹೋಗುತ್ತದೆ. ಅಡಿಕೆ ತೋಟವಿರುವವರಿಗೆ ಇದಕ್ಕಿಂತ ಸುಲಭದ ದಾರಿಯಿದೆ: ಒಣಗಿದ ಹಾಳೆಯನ್ನು ನೆನೆಸಿ, ಗೇಣಗಲದ ಪಟ್ಟಿ ಕತ್ತರಿಸಿ, ದಂಡಿಗೆ ಸಡಿಲವಾಗಿ ಸುತ್ತಿ ಬಾಳೆನಾರಿನಿಂದ ಕಟ್ಟಿದರಾಯಿತು. ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ದರಕನ್ನು, ಅಂದರೆ ಒಣಗಿ ಉದುರಿದ ಎಲೆಯನ್ನು, ಬುಡಕ್ಕೆ ಹೊದಿಸಿದರೆ ತೇವವೂ ಉಳಿಯುತ್ತದೆ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನ ಹುಳಿ ಲೀಕ್‌ಗೆ ಹಿಡಿಸದ ಕಾರಣ, ನಾಟಿಗೆ ಮೊದಲು ಕೊಟ್ಟಿಗೆ ಗೊಬ್ಬರ ಹಾಕುವುದಕ್ಕಿಂತ ಕೆಲವು ವಾರ ಮುಂಚೆ ಚಿಪ್ಪಿಸುಣ್ಣವನ್ನು ಹಿತಮಿತವಾಗಿ ಸೇರಿಸುವುದು ಒಳ್ಳೆಯದು.

ರೋಗದ ಮಾತಿನಲ್ಲೂ ಎರಡು ಊರುಗಳದು ಬೇರೆ ಬೇರೆ ಚಿಂತೆ. ಇಲ್ಲಿ ಎಲೆಯ ಮೇಲೆ ಕಿತ್ತಳೆ ಬಣ್ಣದ ತುಕ್ಕುರೋಗ. ಅಲ್ಲಿ ನೀರು ನಿಂತರೆ ಕೊಳೆ, ಒಣಹವೆ ಬಂತೆಂದರೆ ಥ್ರಿಪ್ಸ್ ಎಂಬ, ಎಲೆಯ ರಸ ಹೀರುವ ಸಣ್ಣ ಕೀಟ.

ಇಷ್ಟೆಲ್ಲ ಹೇಳಿದರೂ ಒಂದು ತೊಡಕು ಉಳಿಯುತ್ತದೆ, ನನ್ನ ಮಟ್ಟಿಗೆ ಮುಖ್ಯವಾದದ್ದು ಅದೇ. ಲೀಕ್ ಎರಡು ವರ್ಷದ ಗಿಡ. ಚಳಿಯನ್ನು ಉಂಡ ಮೇಲೆಯೇ ಅದು ಹೂಬಿಡುತ್ತದೆ. ಶಿರಸಿಯ ಚಳಿ ಅದಕ್ಕೆ ಸಾಲದು, ಹೀಗಾಗಿ ಬೀಜವನ್ನು ಮನೆಯಲ್ಲಿ ಮಾಡಿಕೊಳ್ಳುವ ಮಾತೇ ಇಲ್ಲ. ಈರುಳ್ಳಿ ಬಳಗದ ಬೀಜ ಒಂದೆರಡು ವರ್ಷಕ್ಕೆ ಹುಟ್ಟುವ ಶಕ್ತಿ ಕಳೆದುಕೊಳ್ಳುವುದರಿಂದ, ನಮ್ಮ ಮಳೆಗಾಲದ ತಂಡಿಯಲ್ಲಿ ಇನ್ನೂ ಬೇಗ ಕೆಡುವುದರಿಂದ, ಪ್ರತಿವರ್ಷ ಕೊಳ್ಳಲೇಬೇಕು. ಇಲ್ಲಿಂದ ನಾನು ಚೀಲದಲ್ಲಿ ಹಾಕಿ ತರುವಂತಿಲ್ಲ. ಭಾರತದ 2003ರ ಸಸ್ಯ ಸಂಪರ್ಕನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶದಂತೆ ಅದಕ್ಕೆ ಪರವಾನಗಿ ಮತ್ತು ರೋಗವಿಲ್ಲವೆಂಬ ಪ್ರಮಾಣಪತ್ರ ಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ತಳಿಯ ವಿಷಯದಲ್ಲಿ ಯಾರಿಂದಲೂ ಪಾಠ ಹೇಳಿಸಿಕೊಳ್ಳಬೇಕಾದವರಲ್ಲ. ಅಘನಾಶಿನಿ ನದಿಯ ಅಳಿವೆಯ ಗಜನಿ (ಉಪ್ಪುನೀರು ನುಗ್ಗುವ ತಗ್ಗು) ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಉಳಿಸಿಕೊಂಡು ಬಂದವರು ಕುಮಟಾ ಸೀಮೆಯವರು. ಭತ್ತದ ಕೊಯ್ಲಾದ ಮರಳುಮಿಶ್ರಿತ ಗದ್ದೆಯಲ್ಲಿ ಸಿಹಿ ಈರುಳ್ಳಿ ಬೆಳೆದು, ಎಲೆಗಳನ್ನೇ ಹೆಣೆದು ಗೊಂಚಲು ಮಾಡಿ, ಅಳ್ವೆಕೋಡಿ, ಹಂದಿಗೋಣದ ಹೆದ್ದಾರಿ ಬದಿಯಲ್ಲಿ ತೂಗುಹಾಕಿ ಮಾರುವವರೂ ಅವರೇ. ಡರ್ಹಮ್‌ನಲ್ಲಿ ನನ್ನ ಪಕ್ಕದ ತುಂಡಿನವರಿಗೆ ಹತ್ತಾರು ತಳಿಗಳ ಹೆಸರು ಬಾಯಿಪಾಠವಾಗಿದೆ, ಬೀಜ ಮಾತ್ರ ಪ್ರತಿವರ್ಷ ಪೊಟ್ಟಣದಿಂದಲೇ ಬರಬೇಕು. ಕುಮಟಾದ ರೈತರು ಪೀಳಿಗೆಯಿಂದ ಪೀಳಿಗೆಗೆ ದಾಟಿಸಿದ ತಮ್ಮದೇ ಈರುಳ್ಳಿಯನ್ನು ಬೆಳೆಯುತ್ತಾರೆ. ಇವೆರಡರಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಎರಡನೆಯದಕ್ಕೆ. ಹಿತ್ತಲಿನ ಒಂದು ಮೂಲೆ ಲೀಕ್‌ಗೆ ಸಿಗಲಿ, ಆದರೆ ಊರಿನ ಈರುಳ್ಳಿ, ಹರಿವೆ, ಮೊಗೆಕಾಯಿಗಳ ಜಾಗವನ್ನು ಅದಕ್ಕೆ ಬಿಟ್ಟುಕೊಡಬಾರದು ಎಂದು ಚಿಕ್ಕಮ್ಮನಿಗೂ ಹೇಳಿದ್ದೇನೆ.

ಕಾರವಾರ, ಅಂಕೋಲೆಯ ಕರಾವಳಿಯವರು ಘಟ್ಟದ ಮೇಲಿನವರಷ್ಟು ದಪ್ಪ ದಂಡನ್ನು ನಿರೀಕ್ಷಿಸುವಂತಿಲ್ಲ. ಆಸೆಯಿದ್ದರೆ ನವೆಂಬರಿನಲ್ಲಿ ಅಗಲ ಬಾಯಿಯ ಕುಂಡದಲ್ಲಿ ಒತ್ತೊತ್ತಾಗಿ ನೆಟ್ಟು, ಮಧ್ಯಾಹ್ನದ ಬಿಸಿಲಿಗೆ ನೆರಳು ಮಾಡಿ, ಬೆರಳು ಗಾತ್ರಕ್ಕೆ ಬಂದಾಗಲೇ ಕಿತ್ತು, ಹಸಿರು ಎಲೆಯ ಎಳೆಯ ಭಾಗವನ್ನೂ ಸೇರಿಸಿ ಪಲ್ಯಕ್ಕೆ ಬಳಸಬಹುದು.