ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆ ಅನ್ನುವವರಿಗೆ

"ನೀರು ವಾಸನೆ ಬರ್ತಿದೆ, ಕುಡಿಯೋಕೇ ಆಗ್ತಿಲ್ಲ."

ನೀರು ಶುದ್ಧೀಕರಣ ಘಟಕದ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ನಾನು ಅತಿ ಜಾಸ್ತಿ ಕೇಳಿರುವ ದೂರು ಇದು. ಫೋನ್ ಮಾಡುವವರ ದನಿಯಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿರುತ್ತದೆ. ಏನೋ ವಿಷ ಬೆರೆಸಿ ಕಳಿಸಿದ್ದಾರೆ ಅನ್ನುವ ಭಯ. ಆ ವಾಸನೆ ರೋಗಾಣು ಕೊಲ್ಲಲು ನಾವು ಹಾಕುವ ಕ್ಲೋರಿನ್ನಿನದು. ಆದರೆ ಇಷ್ಟು ವರ್ಷದಲ್ಲಿ ಒಬ್ಬರಾದರೂ ಫೋನ್ ಮಾಡಿ, "ಇವತ್ತು ನೀರಿನಲ್ಲಿ ಕ್ಲೋರಿನ್ ವಾಸನೆಯೇ ಇಲ್ಲ, ಯಾಕೆ?" ಅಂತ ಗಾಬರಿಯಿಂದ ಕೇಳಿದ್ದಿಲ್ಲ. ನನ್ನ ನಿದ್ದೆ ಕೆಡಿಸುವುದು ಇದೇ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬಿಡುವಿದ್ದಾಗ ಓದಿ.

ಕೆಸರಿನಿಂದಲೇ ಶುರು ಮಾಡುತ್ತೇನೆ. ಜೋರು ಮಳೆ ಬಿದ್ದ ಮಾರನೇ ದಿನ ಹೊಳೆಯಿಂದ ನಮಗೆ ಬರುವ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಗಾಜಿನ ಪಾತ್ರೆಯಲ್ಲಿ ಸುಮ್ನೆ ಇಟ್ಟರೆ ದಪ್ಪ ಮರಳು ಬೇಗ ತಳ ಸೇರುತ್ತದೆ. ನುಣ್ಣನೆಯ ಜೇಡಿಕಣ ಮಾತ್ರ ದಿನಗಟ್ಟಲೆ ಕಾದರೂ ಇಳಿಯುವುದಿಲ್ಲ. ಆ ಕಣಗಳೆಲ್ಲದರ ಮೈಮೇಲೂ ಒಂದೇ ಬಗೆಯ ವಿದ್ಯುತ್ ಅಂಶ ಇರುತ್ತದೆ, ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತಲೇ ಇರುತ್ತವೆ. ಅವು ಜಗಳ ಬಿಟ್ಟು ಕೂಡಿಕೊಳ್ಳಬೇಕಾದರೆ ಆಲಂ ಬೇಕು. ಪಟಿಕ ಅನ್ನುತ್ತೇವಲ್ಲ, ಅದರ ಬಳಗದ್ದೇ.

ಎಷ್ಟು ಹಾಕಬೇಕು? ಕಡಿಮೆಯಾದರೆ ಕೆಸರು ಕೂಡುವುದಿಲ್ಲ. ಜಾಸ್ತಿಯಾದರೂ ಕೆಲಸ ಕೆಡುತ್ತದೆ. ನಿನ್ನೆಯ ಲೆಕ್ಕ ಇವತ್ತಿನ ನೀರಿಗೆ ಹೊಂದುವುದಿಲ್ಲ. ಅದಕ್ಕೇ ಜಾರ್ ಟೆಸ್ಟ್. ಆರು ಬೀಕರ್, ಆರಕ್ಕೂ ಅದೇ ನೀರು, ಒಂದಕ್ಕಿಂತ ಒಂದಕ್ಕೆ ಸ್ವಲ್ಪ ಜಾಸ್ತಿ ಆಲಂ. ಒಂದು ನಿಮಿಷ ಜೋರಾಗಿ ಕಲಕಬೇಕು, ಆಮೇಲೆ ಹದಿನೈದು ಇಪ್ಪತ್ತು ನಿಮಿಷ ನಿಧಾನವಾಗಿ. ಮೊದಲು ಏನೂ ಕಾಣುವುದಿಲ್ಲ. ಗಾಜಿಗೆ ಮುಖ ಹತ್ತಿರ ಇಟ್ಟುಕೊಂಡು ನೋಡುತ್ತಾ ಇದ್ದರೆ ಸೂಜಿಮೊನೆಯಷ್ಟು ಚುಕ್ಕೆಗಳು ಮೂಡುತ್ತವೆ. ಮೂರನೆಯದೋ ನಾಲ್ಕನೆಯದೋ ಬೀಕರಿನಲ್ಲಿ ಅವು ಒಂದಕ್ಕೊಂದು ಅಂಟಿಕೊಂಡು ಹಿಂಜಿದ ಹತ್ತಿಯ ಹಾಗೆ ದಪ್ಪವಾಗುತ್ತವೆ. ನಾವು ಅದಕ್ಕೆ ಫ್ಲಾಕ್ ಅನ್ನುತ್ತೇವೆ. ಕಲಕುವುದನ್ನು ನಿಲ್ಲಿಸಿದ ಕೂಡಲೇ ಅವು ಮೆಲ್ಲಗೆ ಇಳಿಯತೊಡಗುತ್ತವೆ. ಮೇಲುಗಡೆ ತಿಳಿನೀರಿನ ಒಂದು ಗೆರೆ ಬೀಳುತ್ತದೆ, ಆ ಗೆರೆ ನೋಡನೋಡುತ್ತಲೇ ಕೆಳಗೆ ಸರಿಯುತ್ತದೆ. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಇವತ್ತಿಗೂ ಆ ಗೆರೆ ಬೀಳುವಾಗ ಖುಷಿಯಾಗುತ್ತದೆ.

ಆ ತಿಳಿನೀರನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟರೆ ಯಾರಾದರೂ ಹಿಂದೆಮುಂದೆ ನೋಡದೆ ಕುಡಿದುಬಿಡುತ್ತಾರೆ. ಅಷ್ಟು ಚೆಂದ ಇರುತ್ತದೆ. ಆದರೆ ಅದು ಕುಡಿಯುವ ನೀರಲ್ಲ. ಒಂದು ಬ್ಯಾಕ್ಟೀರಿಯಾ ಸುಮಾರು ಒಂದು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ವೈರಸ್ ಅದಕ್ಕಿಂತ ಎಷ್ಟೋ ಸಣ್ಣದು. ತಿಳಿ ಅನ್ನುವುದು ಕಣ್ಣಿನ ಮಾತು. ಹೊಟ್ಟೆಗೆ ಆಗಿಬರುತ್ತದೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ.

ಮುಂದಿನದು ಮರಳು. ಜೇಮ್ಸ್ ಸಿಂಪ್ಸನ್ ಅನ್ನುವ ಎಂಜಿನಿಯರ್ 1829ರಲ್ಲಿ ಲಂಡನ್ನಿನ ಚೆಲ್ಸಿ ನೀರು ಕಂಪನಿಗಾಗಿ ಥೇಮ್ಸ್ ನದಿಯ ನೀರನ್ನು ಮರಳಿನಲ್ಲಿ ಸೋಸುವ ದೊಡ್ಡ ಫಿಲ್ಟರ್ ಕಟ್ಟಿದರು. ನೀರಿನಿಂದ ರೋಗ ಹೇಗೆ ಹರಡುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಕೊಳೆ ಹೋದರೆ ಸಾಕಾಗಿತ್ತು. ಆದರೆ ಅಂಥ ನಿಧಾನದ ಫಿಲ್ಟರಿನಲ್ಲಿ ಮರಳಿನ ಮೇಲೆ ಕೆಲವು ದಿನಗಳಲ್ಲಿ ಲೋಳೆಯಂಥ ಒಂದು ಪೊರೆ ಕಟ್ಟುತ್ತದೆ. ಜರ್ಮನ್ ಭಾಷೆಯಲ್ಲಿ ಅದಕ್ಕೆ ಶ್ಮುಟ್ಸ್‌ಡೆಕೆ ಅನ್ನುತ್ತಾರೆ, ಕೊಳಕಿನ ಹೊದಿಕೆ ಅಂತ ಅರ್ಥ. ಕೆಲಸ ಮಾಡುವುದು ಆ ಕೊಳಕಿನ ಹೊದಿಕೆಯೇ! ಅದರೊಳಗಿನ ಜೀವಿಗಳು ಹರಿದುಬರುವ ರೋಗಾಣುಗಳನ್ನು ಹಿಡಿದು ತಿಂದುಹಾಕುತ್ತವೆ.

ಇದರ ಬೆಲೆ ಗೊತ್ತಾಗಬೇಕಾದರೆ 1892ರ ಜರ್ಮನಿಯ ಹ್ಯಾಂಬರ್ಗ್ ಕಥೆ ಕೇಳಬೇಕು. ಹ್ಯಾಂಬರ್ಗ್ ಮತ್ತು ಆಲ್ಟೋನ ಒಂದಕ್ಕೊಂದು ಅಂಟಿಕೊಂಡಿದ್ದ ಊರುಗಳು. ಎರಡೂ ಎಲ್ಬೆ ನದಿಯ ನೀರನ್ನೇ ಕುಡಿಯುತ್ತಿದ್ದವು. ಹ್ಯಾಂಬರ್ಗ್ ಊರಿನ ಮೇಲ್ಗಡೆಯಿಂದ ನೀರು ಎತ್ತಿ ಸೋಸದೆ ಹಂಚುತ್ತಿತ್ತು. ಆಲ್ಟೋನಕ್ಕೆ ಸಿಗುತ್ತಿದ್ದುದು ಹ್ಯಾಂಬರ್ಗಿನ ಚರಂಡಿಯೆಲ್ಲ ಸೇರಿದ ಕೆಳಗಡೆಯ ನೀರು. ಆದರೆ ಅವರು ಮರಳಿನಲ್ಲಿ ಸೋಸಿ ಕೊಡುತ್ತಿದ್ದರು. ಆ ವರ್ಷ ಕಾಲರಾ ಬಂದಾಗ ಹ್ಯಾಂಬರ್ಗಿನಲ್ಲಿ 8,000ಕ್ಕೂ ಹೆಚ್ಚು ಜನ ಸತ್ತರು. ಆಲ್ಟೋನ ಬಹುಮಟ್ಟಿಗೆ ಉಳಿದುಕೊಂಡಿತು. ಎರಡೂ ಊರಿನ ಗಡಿಯಲ್ಲಿದ್ದ ಬೀದಿಯಲ್ಲಿ ಹ್ಯಾಂಬರ್ಗ್ ನೀರು ಕುಡಿದ ಬದಿಗೆ ಕಾಲರಾ, ಆಲ್ಟೋನ ನೀರು ಕುಡಿದ ಬದಿಗೆ ಇಲ್ಲ. ಎದುರುಬದುರು ಮನೆ, ಅದೇ ಗಾಳಿ, ಅದೇ ಮಣ್ಣು. ಬೇರೆ ಇದ್ದದ್ದು ಪೈಪು. ಕೊಳಕು ನೀರನ್ನು ಸೋಸಿ ಕುಡಿದವರು ಬದುಕಿದರು, ಅದಕ್ಕಿಂತ ಚೆನ್ನಾಗಿದ್ದ ನೀರನ್ನು ಹಾಗೇ ಕುಡಿದವರು ಸತ್ತರು.

ಈಗ ವಾಸನೆಗೆ ಬರುತ್ತೇನೆ.

ಮರಳು ದಾಟಿದ ಮೇಲೂ ಒಂದಿಷ್ಟು ರೋಗಾಣು ಉಳಿಯುತ್ತವೆ. ಅದೂ ಅಲ್ಲದೆ ನಮ್ಮ ಗೇಟು ದಾಟಿದ ನೀರು ನಿಮ್ಮ ಮನೆಗೆ ಬರುವುದಕ್ಕೆ ಕಿಲೋಮೀಟರುಗಟ್ಟಲೆ ಹೋಗಬೇಕು. ಎಲ್ಲೋ ಒಂದು ಕಡೆ ಪೈಪು ಬಿರುಕು ಬಿಟ್ಟಿರುತ್ತದೆ. ಪಂಪ್ ನಿಂತು ಪೈಪಿನಲ್ಲಿ ಒತ್ತಡ ಇಳಿಯಿತು ಅನ್ನಿ, ಬಿರುಕಿನ ಸುತ್ತ ಮಣ್ಣಿನಲ್ಲಿರುವ ಕೊಳಚೆ ಒಳಗೆ ಸೇರುತ್ತದೆ. ಆ ಹೊತ್ತಿನಲ್ಲಿ ನೀರಿನ ಜೊತೆ ಯಾರಾದರೂ ಕಾವಲು ಇರಬೇಕಲ್ವಾ? ಅದೇ ಕ್ಲೋರಿನ್. ನಾವು ಹಾಕಿದ್ದರಲ್ಲಿ ಒಂದಷ್ಟು ನೀರಿನ ಕೊಳೆಗೇ ಖರ್ಚಾಗುತ್ತದೆ. ಆಮೇಲೂ ಉಳಿದದ್ದು ರೆಸಿಡ್ಯುಯಲ್ ಕ್ಲೋರಿನ್. ಕನಿಷ್ಠ 30 ನಿಮಿಷ ಬಿಟ್ಟ ಮೇಲೆ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು, ನಿಮ್ಮ ನಲ್ಲಿಗೆ ಬರುವಾಗ ಕಡೇ ಪಕ್ಷ 0.2 ಇರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆರೋಗ್ಯದ ಲೆಕ್ಕದಲ್ಲಿ ಅದೇ ಸಂಸ್ಥೆ ಇಟ್ಟಿರುವ ಮೇಲಿನ ಮಿತಿ 5 ಮಿಲಿಗ್ರಾಂ. ಕೆಲವರಿಗೆ 0.3 ಇದ್ದರೂ ರುಚಿಯಲ್ಲಿ ಗೊತ್ತಾಗಿಬಿಡುತ್ತದೆ. ಅಂದರೆ ನಿಮಗೆ ಮೂಗು ಮುರಿಯುವ ಹಾಗಾಗುವುದು ಅಪಾಯಕ್ಕಿಂತ ಎಷ್ಟೋ ಕೆಳಗಿನ ಮಟ್ಟದಲ್ಲಿ.

ಜನರಿಗೆ ಇದರ ಮೇಲೆ ಅನುಮಾನ ಇವತ್ತು ನಿನ್ನೆಯದಲ್ಲ. 1908ರಲ್ಲಿ ಅಮೆರಿಕದ ಜೆರ್ಸಿ ಸಿಟಿಯ ನೀರಿಗೆ ಅಲ್ಲಿನ ನೀರು ಕಂಪನಿಯ ಸಲಹೆಗಾರ ಡಾ. ಜಾನ್ ಲೀಲ್ ಕ್ಲೋರಿನ್ ಬೆರೆಸಲು ಶುರು ಮಾಡಿದಾಗ ಯಾರ ಅನುಮತಿಯನ್ನೂ ಕೇಳಿರಲಿಲ್ಲ. ನೀರಿನ ವಿಚಾರವಾಗಿ ಆಗಲೇ ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು. ಊರಿನ ಜನ ಕುಡಿಯುವ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೇನೆ ಅಂತ ಅವರು ಕಟಕಟೆಯಲ್ಲಿ ನಿಂತು ಹೇಳಿ, ಸಮರ್ಥಿಸಿಕೊಳ್ಳಬೇಕಾಯಿತು. ತೀರ್ಪು ಅವರ ಕಡೆಗೇ ಬಂತು. ಆಮೇಲೆ ಬೇರೆ ಊರುಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು.

ಕ್ಲೋರಿನ್ ಬಗ್ಗೆ ಇರುವ ನಿಜವಾದ ಆಕ್ಷೇಪವನ್ನೂ ಹೇಳಬೇಕು. ಅದು ನೀರಿನಲ್ಲಿ ಕೊಳೆತ ಎಲೆ, ಸೊಪ್ಪಿನ ಅಂಶದ ಜೊತೆ ಸೇರಿದರೆ ಟ್ರೈಹ್ಯಾಲೋಮೀಥೇನ್ ಅನ್ನುವ ಬೇಡದ ವಸ್ತುಗಳಾಗುತ್ತವೆ. 1974ರಿಂದ ಇದು ಗೊತ್ತಿದೆ. ನನ್ನ ಉತ್ತರ ಇಷ್ಟೇ: ಕ್ಲೋರಿನ್ ಬಿಡುವುದಲ್ಲ, ಕ್ಲೋರಿನ್ ಹಾಕುವ ಮುಂಚೆ ಆ ಕೊಳೆಯನ್ನು ತೆಗೆಯುವುದು. ಜಾರ್ ಟೆಸ್ಟಿಗೆ ನಾವು ಅಷ್ಟು ಒದ್ದಾಡುವುದು ಸುಮ್ಮನೆ ಅಲ್ಲ. ನೆದರ್ಲೆಂಡ್ಸ್‌ನಲ್ಲಿ ಉಳಿಕೆ ಕ್ಲೋರಿನ್ ಇಲ್ಲದೆಯೇ ನೀರು ಹಂಚುತ್ತಾರೆ, ಅದೂ ನಿಜ. ಆದರೆ ಅಲ್ಲಿ ಪೈಪುಗಳಲ್ಲಿ ಸೋರಿಕೆ ತೀರಾ ಕಡಿಮೆ, ಒತ್ತಡ ಹಗಲೂ ರಾತ್ರಿ ಇರುತ್ತದೆ. ಅಂಥ ಪೈಪು ಇರುವವರು ಕಾವಲು ತೆಗೆಯಲಿ. ಗಂಟೆ ಲೆಕ್ಕದಲ್ಲಿ ನೀರು ಬಿಡುವ ಕಡೆ ತೆಗೆದರೆ ಅನಾಹುತ.

ಹಾಗಂತ ಕ್ಲೋರಿನ್ ಒಂದನ್ನೇ ನಂಬಿ ಕೂರುವ ಹಾಗೂ ಇಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಸುಮಾರು 4 ಲಕ್ಷ ಜನ ಹೊಟ್ಟೆ ಕೆಟ್ಟು ಮಲಗಿದರು. ಕಾರಣ ಕ್ರಿಪ್ಟೋಸ್ಪೊರಿಡಿಯಂ. ಗಟ್ಟಿ ಕವಚ ಇರುವ ಜೀವಿ, ಮಾಮೂಲಿ ಕ್ಲೋರಿನ್ನಿಗೆ ಸಾಯುವುದಿಲ್ಲ. ಅದನ್ನು ತಡೆಯಬೇಕಾದದ್ದು ಫಿಲ್ಟರು. ಫಿಲ್ಟರ್ ದಾಟಿ ಬಂದ ನೀರಿನ ಟರ್ಬಿಡಿಟಿ, ಅಂದರೆ ಕದಡು, ಆ ದಿನಗಳಲ್ಲಿ ಏರಿತ್ತು. ಟರ್ಬಿಡಿಟಿ ಮೀಟರಿನಲ್ಲಿ ಅಂಕಿ ಒಂದು ಚೂರು ಮೇಲೆ ಹೋದರೂ ನಾವು ಓಡಾಡುವುದು ಅದಕ್ಕೇ.

ಇನ್ನೊಂದು ಊರಿನ ಹೆಸರು ಹೇಳುತ್ತೇನೆ, ವಾಕರ್‌ಟನ್. ಕೆನಡಾದ ಒಂಟಾರಿಯೊದಲ್ಲಿ ಸುಮಾರು 5,000 ಜನರ ಸಣ್ಣ ಊರು. 2000ರ ಮೇ ತಿಂಗಳಲ್ಲಿ ಜೋರು ಮಳೆಗೆ ಹತ್ತಿರದ ಹೊಲದ ಸಗಣಿ ಗೊಬ್ಬರದ ನೀರು ಊರಿನ ಒಂದು ಕುಡಿಯುವ ನೀರಿನ ಬಾವಿಗೆ ಸೇರಿತು. ಏಳು ಜನ ಸತ್ತರು, ಸುಮಾರು 2,300 ಜನ ಕಾಯಿಲೆ ಬಿದ್ದರು. ವಿಚಾರಣೆಯಲ್ಲಿ ಹೊರಬಿದ್ದದ್ದು ಏನು ಗೊತ್ತಾ? ರಿಜಿಸ್ಟರಿನಲ್ಲಿ ಬರೆದಿದ್ದ ಕ್ಲೋರಿನ್ ಅಂಕಿಗಳನ್ನು ಅಳೆದೇ ಇರಲಿಲ್ಲ. ಸುಮ್ನೆ ಬರೆದಿದ್ದರು, ವರ್ಷಗಟ್ಟಲೆ. ಇದನ್ನು ಮೊದಲ ಸಲ ಓದಿದ ದಿನ ನನಗೆ ಊಟ ಸೇರಲಿಲ್ಲ. ಯಾಕಂದರೆ ಆ ಖಾಲಿ ಕಾಲಂ ನನ್ನ ಎದುರಿಗೂ ದಿನಾ ಇರುತ್ತದೆ. ರಾತ್ರಿ ಎರಡು ಗಂಟೆಗೆ, ನಿದ್ದೆ ತೂಗುವಾಗ, ಹಿಂದಿನ ಗಂಟೆಯ ಅಂಕಿಯನ್ನೇ ಇಳಿಸಿ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಎದ್ದು ಹೋಗಿ ಸ್ಯಾಂಪಲ್ ಹಿಡಿದು ಅಳೆಯುವವರು ಸಾವಿರಾರು ಜನ ಇದ್ದಾರೆ. ಅವರ ಬಗ್ಗೆ ನನಗೆ ತುಂಬಾ ಗೌರವ. ನೀವು ಕುಡಿಯುವ ಲೋಟದ ನೀರು ಕಡೆಗೆ ನಿಂತಿರುವುದು ಅವರ ಪ್ರಾಮಾಣಿಕತೆಯ ಮೇಲೆ.

ಕಳೆದ ತಿಂಗಳು ಭಾವನ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಆರ್‌ಒ ಮಶೀನ್ ಇದೆ. ಜೇಬಿನಿಂದ ಟಿಡಿಎಸ್ ಮೀಟರ್ ತೆಗೆದು ತೋರಿಸಿದರು. "ನೋಡು, ನಿಮ್ಮ ನಲ್ಲಿ ನೀರು 310. ನಮ್ಮ ಮಶೀನಿಂದು 38. ಯಾವುದು ಶುದ್ಧ ಹೇಳು."

"ಭಾವ, ಅದು ಅಳೆಯೋದು ನೀರಲ್ಲಿ ಎಷ್ಟು ಉಪ್ಪು, ಖನಿಜ ಕರಗಿದೆ ಅಂತ. ರೋಗಾಣು ಇದೆಯಾ ಇಲ್ವಾ ಅಂತ ಅದಕ್ಕೆ ಗೊತ್ತಾಗಲ್ಲ" ಅಂದೆ.

ಆ ಮೀಟರಿನ ತುದಿಯಲ್ಲಿ ಎರಡು ಲೋಹದ ಕಡ್ಡಿ ಇರುತ್ತವೆ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ ಲೆಕ್ಕ ಹಾಕುತ್ತದೆ, ಅಷ್ಟೇ. ಒಂದು ಲೋಟ ಮಳೆನೀರಿಗೆ ಚರಂಡಿಯ ಎರಡು ಹನಿ ಹಾಕಿ ಅದ್ದಿ ನೋಡಿ, ಅಂಕಿ ಅಲ್ಲಾಡುವುದು ಅಷ್ಟಕ್ಕಷ್ಟೇ. ಟಿಡಿಎಸ್ ಲೀಟರಿಗೆ 600 ಮಿಲಿಗ್ರಾಂ ಒಳಗಿದ್ದರೆ ರುಚಿ ಚೆನ್ನಾಗಿರುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಟಿಡಿಎಸ್‌ಗೆ ಆರೋಗ್ಯದ ಮಿತಿ ಅಂತ ಅದು ಇಟ್ಟೇ ಇಲ್ಲ. ಆರ್ಸೆನಿಕ್‌ಗೆ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಷ್ಟು ಸಣ್ಣದು ಆ ಮೀಟರಿಗೆ ಕಾಣುವುದೇ ಇಲ್ಲ.

ಆರ್‌ಒ ಬೇಡ ಅಂತ ನಾನು ಹೇಳುತ್ತಿಲ್ಲ. ನೀರು ಉಪ್ಪಾಗಿದ್ದರೆ, ಫ್ಲೋರೈಡ್, ಆರ್ಸೆನಿಕ್ ಇದ್ದರೆ ಅದು ದೊಡ್ಡ ಆಸರೆ. ಇವೆರಡೂ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತವೆ. ರೋಗಾಣುಗಳ ಮಾತು ಬೇರೆ. ನೀರು ಕೊತಕೊತ ಒಂದು ನಿಮಿಷ ಕುದಿದರೆ ಸಾಕು. ಅಂದರೆ ಯಾವ ಉಪಾಯ ಅನ್ನುವುದು ನಿಮ್ಮ ನೀರಿನಲ್ಲಿ ಏನಿದೆ ಅನ್ನುವುದರ ಮೇಲೆ ಹೋಗುತ್ತದೆ. ಪರೀಕ್ಷೆ ಮಾಡಿಸದೆ ಮಶೀನ್ ತರುವುದು, ಕಾಯಿಲೆ ಏನು ಅಂತ ನೋಡದೆ ಮಾತ್ರೆ ನುಂಗಿದ ಹಾಗೆ.

ನನ್ನ ಚೀಲದಲ್ಲಿ ಕ್ಲೋರಿನ್ ಪರೀಕ್ಷೆಗೆ ಬಳಸುವ ಡಿಪಿಡಿ ಪುಡಿಯ ಪೊಟ್ಟಣಗಳಿದ್ದವು. ನಲ್ಲಿ ನೀರು ಒಂದು ಗಾಜಿನ ನಳಿಕೆಗೆ ಹಿಡಿದು ಪುಡಿ ಹಾಕಿ ಅಲ್ಲಾಡಿಸಿದೆ. ತಿಳಿ ಗುಲಾಬಿ ಬಣ್ಣ ಬಂತು. ಕ್ಲೋರಿನ್ ಇದೆ ಅಂತ ಅರ್ಥ. ಇನ್ನೊಂದಕ್ಕೆ ಮಶೀನಿನ ನೀರು ಹಿಡಿದು ಪುಡಿ ಹಾಕಿದೆ. ಬಣ್ಣವೇ ಇಲ್ಲ. ಅದು ಮಶೀನಿನ ತಪ್ಪಲ್ಲ. ಕ್ಲೋರಿನ್ ತಗುಲಿದರೆ ಒಳಗಿನ ಮೆಂಬ್ರೇನ್, ಅಂದರೆ ಸೋಸುವ ತೆಳು ಪೊರೆ, ಹಾಳಾಗುತ್ತದೆ ಅಂತ ಮೊದಲೇ ಇದ್ದಿಲಿನ ಫಿಲ್ಟರ್ ಇಟ್ಟು ಅದನ್ನು ತೆಗೆದಿರುತ್ತಾರೆ.

"ಹಾಗಾದ್ರೆ ಈ ಮಶೀನಿನ ಟ್ಯಾಂಕಲ್ಲಿರೋ ನೀರಿಗೆ ಕಾವಲೇ ಇಲ್ವಾ?" ಭಾವ ಕೇಳಿದರು.

"ಇಲ್ಲ ಭಾವ. ಟ್ಯಾಂಕ್ ಯಾವಾಗ ತೊಳೆಸಿದ್ರಿ?"

ಅವರಿಗೆ ನೆನಪಿರಲಿಲ್ಲ. ಮುಚ್ಚಳ ಬಿಚ್ಚಿ ಒಳಗೋಡೆಯ ಮೇಲೆ ಬೆರಳಾಡಿಸಿದರು. ಬೆರಳು ಜಾರಿತು. ಕಣ್ಣಿಗೆ ಏನೂ ಕಾಣದ, ತೆಳ್ಳಗಿನ ಒಂದು ಲೋಳೆ. ಅವರ ಮುಖ ಸಪ್ಪಗಾಯಿತು. ಅಕ್ಕನ ಮೊಮ್ಮಗು ಆ ನೀರನ್ನೇ ಕುಡಿಯುತ್ತಿತ್ತು.

ಪ್ಲಗ್ ಕಿತ್ತು ಟ್ಯಾಂಕ್ ಖಾಲಿ ಮಾಡಿದೆವು. ಬಿಚ್ಚಿ ಉಜ್ಜಿ, ಕ್ಲೋರಿನ್ ಬೆರೆಸಿದ ನೀರು ತುಂಬಿಸಿ ಅರ್ಧ ಗಂಟೆ ಬಿಟ್ಟೆವು. ಆಮೇಲೆ ಚೆಲ್ಲಿ, ಎರಡು ಸಲ ಒಳ್ಳೆ ನೀರಿನಲ್ಲಿ ತೊಳೆದೆವು. ಭಾವ ಮತ್ತೆ ಒಳಗೆ ಬೆರಳಿಟ್ಟು ಒತ್ತಿ ಉಜ್ಜಿದರು. ಈ ಸಲ ಕಿರ್ ಅಂತ ಸದ್ದು ಬಂತು.