ಸ್ಕ್ರೀನ್ ಕಪ್ಪಾಯಿತು ಅಂತ ಇಡೀ ಸೆಟ್ ಬದಲಿಸಬೇಡಿ

ಕಾರಿನ ನ್ಯಾವಿಗೇಶನ್ ಸ್ಕ್ರೀನ್ ಕಪ್ಪಾದ ಕೂಡಲೇ "ಸೆಟ್ ಹೋಗಿದೆ, ಹೊಸದೇ ಹಾಕಬೇಕು" ಅಂತ ಹೇಳಿಬಿಡುತ್ತಾರಲ್ಲ, ಅದು ನನಗೆ ಸುತಾರಾಂ ಒಪ್ಪಿಗೆಯಿಲ್ಲ. ಯಾವ ಭಾಗ ಹೋಗಿದೆ ಅಂತ ಮೊದಲು ತೋರಿಸಲಿ, ಆಮೇಲೆ ದುಡ್ಡು ಕೇಳಲಿ.

ಊರಲ್ಲೇ ಓಡಾಡುವವರಿಗೆ ಮ್ಯಾಪ್ ಯಾಕೆ ಅಂತ ಕೆಲವರು ಕೇಳುತ್ತಾರೆ. ನಮ್ಮ ಕಾಸರಗೋಡು ಕಡೆ ತಲಪಾಡಿಯಿಂದ ಚೆಂಗಳದವರೆಗೆ ಒಮ್ಮೆ ಹೋಗಿ ನೋಡಿ. ಆರು ಪಥದ ಹೆದ್ದಾರಿ ಬಂದ ಮೇಲೆ ಸರ್ವಿಸ್ ರೋಡಿನಿಂದ ಎಲ್ಲಿ ಮೇಲೆ ಹತ್ತಬೇಕು, ಎಲ್ಲಿ ಇಳಿಯಬೇಕು ಅಂತ ಹುಟ್ಟಿ ಬೆಳೆದವರಿಗೂ ಗೊಂದಲ. ಉಪ್ಪಳದಲ್ಲೋ ಕುಂಬಳೆಯಲ್ಲೋ ಇಳಿಯುವ ಜಾಗ ತಪ್ಪಿದರೆ ಸುಮ್ನೆ ಮುಂದೆ ಹೋಗಿ ತಿರುಗಿಸಿಕೊಂಡು ಬರಬೇಕು. ಅದಲ್ಲದೆ ಈಗಿನ ಕಾರುಗಳಲ್ಲಿ ರಿವರ್ಸ್ ಕ್ಯಾಮೆರಾ ಅದೇ ಸ್ಕ್ರೀನಿನಲ್ಲಿ, ಕೆಲವದರಲ್ಲಿ ಏಸಿಯೂ ಅದರಲ್ಲೇ.

ಮುಳ್ಳೇರಿಯ ಕಡೆಯ ನಮ್ಮ ಭಾವನ ಕಾರಿನಲ್ಲಿ ಹೀಗೇ ಆಯಿತು. ಸರ್ವಿಸ್ ಸೆಂಟರಿನಲ್ಲಿ ಏನನ್ನೂ ಬಿಚ್ಚಿ ನೋಡದೆ ಹೊಸ ಸೆಟ್ಟಿನ ರೇಟು ಹೇಳಿ ಕಳಿಸಿದ್ದರು. ಆ ದುಡ್ಡಿಗೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತದೆ. ಸಂಜೆ ಅವರ ಮನೆಯ ಶೆಡ್ಡಿನಲ್ಲಿ ಕಾರು ನಿಂತಿತ್ತು.

"ಭಾವ, ರೇಡಿಯೋ ಹಾಕಿ ನೋಡಿ. ಸೌಂಡ್ ಬರ್ತದಾ?"

"ಸೌಂಡ್ ಉಂಟು ಮಾರಾಯ, ಚಿತ್ರವೇ ಇಲ್ಲ."

ಸೌಂಡ್ ಇದೆ ಅಂದರೆ ಸೆಟ್ಟಿಗೆ ಕರೆಂಟ್ ಬರುತ್ತಿದೆ ಅಂತ ಅರ್ಥ. ರಿವರ್ಸ್ ಹಾಕಿದರೆ ಸೆನ್ಸರ್ ಪೀಂ ಪೀಂ ಅನ್ನುತ್ತಿತ್ತು, ಕ್ಯಾಮೆರಾದ ಚಿತ್ರವೂ ಇಲ್ಲ. ಶೆಡ್ಡಿನ ಲೈಟ್ ಆರಿಸಿ, ಮೊಬೈಲಿನ ಟಾರ್ಚನ್ನು ಸ್ಕ್ರೀನಿಗೆ ಹತ್ತಿರ, ಸ್ವಲ್ಪ ಓರೆಯಾಗಿ ಹಿಡಿದೆವು. ಗಾಜಿನೊಳಗೆ ಮಸುಕಾಗಿ ರಸ್ತೆಯ ಗೆರೆಗಳು, ಒಂದು ಬಾಣದ ಗುರುತು, ಮೂಲೆಯಲ್ಲಿ ಗಂಟೆ ಕಂಡವು. ಮ್ಯಾಪ್ ಓಡುತ್ತಲೇ ಇತ್ತು! ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಹಿಂದೆ ಎಲ್‌ಇಡಿ ದೀಪಗಳ ಸಾಲು ಉರಿದರೆ ಮಾತ್ರ ಚಿತ್ರ ನಮಗೆ ಕಾಣುವುದು. ಆ ಬ್ಯಾಕ್‌ಲೈಟೋ, ಅದಕ್ಕೆ ಕರೆಂಟ್ ಕೊಡುವ ಸರ್ಕ್ಯೂಟೋ ಕೆಟ್ಟರೆ ಉಳಿದದ್ದೆಲ್ಲ ಸರಿಯಿದ್ದರೂ ಪರದೆ ಕಪ್ಪು. ಮಂಗಳೂರಿನಲ್ಲಿ ಒಬ್ಬರು ಡಿಸ್‌ಪ್ಲೇ ಪ್ಯಾನೆಲ್ ಮಾತ್ರ ಬದಲಿಸಿ ಕೊಟ್ಟರು. ಸೆಟ್ ಹಳೆಯದೇ, ಅದರೊಳಗಿನ ಸೆಟ್ಟಿಂಗೂ ಹಾಗೆಯೇ ಉಳಿಯಿತು.

ರಿವರ್ಸ್ ಹಾಕಿದಾಗ ಕ್ಯಾಮೆರಾದ ಚಿತ್ರ ಮಾತ್ರ ಬಂದರೆ ವಿಷಯ ಬೇರೆ. ಆಗ ಪರದೆ ಚೆನ್ನಾಗಿದೆ, ಹೆಚ್ಚಾಗಿ ಸಾಫ್ಟ್‌ವೇರ್ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಪವರ್ ಬಟನ್ ಒತ್ತಿ ಹಿಡಿದರೆ ಹೆಚ್ಚಿನ ಸೆಟ್ಟುಗಳು ರೀಸ್ಟಾರ್ಟ್ ಆಗುತ್ತವೆ. ಕೆಲವದರಲ್ಲಿ ಸೂಜಿಮೊನೆಯಷ್ಟು ಸಣ್ಣ ರೀಸೆಟ್ ತೂತು ಇರುತ್ತದೆ. ಬ್ಯಾಟರಿಯ ಮೈನಸ್ ತೆಗೆದು ಹಾಕಿದರೂ ಆಗುತ್ತದೆ, ಆದರೆ ಕೆಲವು ಕಾರುಗಳು ಆಮೇಲೆ ರೇಡಿಯೋ ಕೋಡ್, ಅಂದರೆ ಕದ್ದ ಸೆಟ್ ಬೇರೆಯವರು ಬಳಸದಂತೆ ಇಟ್ಟ ಗುಪ್ತ ನಂಬರ್, ಕೇಳುತ್ತವೆ. ಆ ಕೋಡ್ ಕೈಯಲ್ಲಿಲ್ಲದೆ ಸ್ಪ್ಯಾನರ್ ಹಿಡಿಯಬೇಡಿ.

ಮ್ಯಾಪ್ ಫೋನಿನಿಂದ ಬರುವುದಾದರೆ ಮೊದಲು ಕೇಬಲ್ ಬದಲಿಸಿ ನೋಡಿ. ಚಾರ್ಜ್ ಮಾತ್ರ ಮಾಡುವ ಕೇಬಲ್‌ಗಳಲ್ಲಿ ಡೇಟಾ ಹೋಗುವುದಿಲ್ಲ.

ಸೌಂಡೂ ಇಲ್ಲ, ಚಿತ್ರವೂ ಇಲ್ಲ, ಬಟನ್‌ಗಳ ಬೆಳಕೂ ಇಲ್ಲ ಅಂದರೆ ಮೊದಲು ಫ್ಯೂಸ್ ನೋಡಬೇಕು. ಸಾಮಾನ್ಯವಾಗಿ ಒಂದು ಫ್ಯೂಸ್ ಬ್ಯಾಟರಿಯಿಂದ ನೇರ ಬರುವ ಲೈನಿಗೆ, ಇನ್ನೊಂದು ಕೀ ತಿರುಗಿಸಿದಾಗ ಬರುವ ಲೈನಿಗೆ. ಕಾರಿನ ಬ್ಲೇಡ್ ಫ್ಯೂಸ್‌ನಲ್ಲಿ ಕೆಂಪು ಅಂದರೆ 10 ಆಂಪಿಯರ್, ನೀಲಿ 15, ಹಳದಿ 20. ಸುಟ್ಟದ್ದು ಎಷ್ಟರದ್ದೋ ಅಷ್ಟರದ್ದೇ ಹಾಕಬೇಕು. ಬೀಡಿ ಅಂಗಡಿಯ ಬೆಳ್ಳಿಕಾಗದ ಸುತ್ತಿ ಹಾಕುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಫ್ಯೂಸ್ ಹೋಗದಿದ್ದರೆ ವಯರೇ ಕಾದು ಡ್ಯಾಶ್‌ಬೋರ್ಡಿನೊಳಗೆ ಬೆಂಕಿ ಹಿಡಿಯುತ್ತದೆ. ಹೊಸ ಫ್ಯೂಸೂ ಕೂಡಲೇ ಹೋದರೆ ಎಲ್ಲೋ ಶಾರ್ಟ್ ಆಗಿದೆ. ಅಡಿಕೆ, ತೆಂಗಿನಕಾಯಿ ರಾಶಿಯ ಪಕ್ಕ ಕಾರು ನಿಲ್ಲಿಸುವವರು ಇಲಿ ವಯರ್ ಕಡಿದಿದೆಯಾ ಅಂತ ನೋಡಲೇಬೇಕು.

ನಮ್ಮ ಮಳೆಯದ್ದು ಇನ್ನೊಂದು ಕಾಟ. ಜೂನ್ ಬಂತೆಂದರೆ ಹಗಲಿನಲ್ಲೇ ಹೆಡ್‌ಲೈಟ್ ಹಾಕುತ್ತೇವೆ. ಹಲವು ಸೆಟ್ಟುಗಳು ಹೆಡ್‌ಲೈಟಿನ ಲೈನ್ ನೋಡಿ ರಾತ್ರಿಯಾಯಿತು ಅಂತ ಬೆಳಕು ತಗ್ಗಿಸಿಬಿಡುತ್ತವೆ. ಬ್ರೈಟ್‌ನೆಸ್ ಮೊದಲೇ ಕಡಿಮೆ ಇದ್ದರೆ ಸ್ಕ್ರೀನ್ ಸತ್ತಂತೆಯೇ ಕಾಣುತ್ತದೆ. ಹೆಡ್‌ಲೈಟ್ ಆರಿಸಿದಾಗ ಚಿತ್ರ ಬಂದರೆ ರಿಪೇರಿಯೇ ಬೇಡ. ಸಮುದ್ರದ ಗಾಳಿಗೆ ಅರ್ತ್ ವಯರಿನ ತುದಿ ತುಕ್ಕು ಹಿಡಿಯುವುದು, ಗುಂಡಿ ಬಿದ್ದ ರಸ್ತೆಯ ಕುಲುಕಾಟಕ್ಕೆ ಒಳಗಿನ ರಿಬ್ಬನ್ ಕೇಬಲ್ ಸಡಿಲಾಗುವುದು, ಇವೂ ಇವೆ. ಗುಂಡಿಗೆ ಇಳಿದಾಗ ಒಮ್ಮೆ ಬಂದು ಮತ್ತೆ ಹೋಗುವ ಸ್ಕ್ರೀನಿನಲ್ಲಿ ಇಂಥ ಸಡಿಲು ಜಾಯಿಂಟನ್ನೇ ಮೊದಲು ಹುಡುಕಬೇಕು.

ಇಷ್ಟನ್ನು ನೋಡಲು ಹೆಚ್ಚು ಹೊತ್ತು ಬೇಡ. ಆದರೂ ನೋಡುವುದಿಲ್ಲ ಅನ್ನುವುದೇ ನನ್ನ ಬೇಸರ. ಪೂರ್ತಿ ಸೆಟ್ ಮಾರಿದರೆ ಲಾಭ ಜಾಸ್ತಿ ಅಲ್ವಾ? ತಪ್ಪು ಬರೀ ಅಂಗಡಿಯವರದ್ದಲ್ಲ. ಪ್ಯಾನೆಲ್ ಒಂದನ್ನೇ ಬಿಡಿಭಾಗವಾಗಿ ಕೊಡದ ತಯಾರಕರದ್ದೂ ಹೌದು. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿದಾಗ ಅದರಲ್ಲಿ ವಾಹನಗಳನ್ನೂ ಸೇರಿಸಿತ್ತು. ಅದು ಬರೀ ಮಾಹಿತಿಯ ಪುಟವಾಗಿ ನಿಲ್ಲಬಾರದು, ಬಿಡಿಭಾಗ ಕೊಡಲೇಬೇಕು ಅನ್ನುವ ಕಾನೂನು ಬರಬೇಕು. ಯುರೋಪಿನಲ್ಲಿ ಕಾರುಗಳಿಗೆ ಸುರಕ್ಷತೆಯ ಸ್ಟಾರ್ ಕೊಡುವ ಯುರೋ ಎನ್‌ಸಿಎಪಿ ಸಂಸ್ಥೆ ಇಂಡಿಕೇಟರ್, ಹಾರ್ನ್, ವೈಪರ್, ಹಜಾರ್ಡ್ ಲೈಟ್‌ನಂಥವಕ್ಕೆ ಬೇರೆ ಬಟನ್ ಇರಬೇಕು ಅಂತ 2026ರ ನಿಯಮಗಳಲ್ಲಿ ಸೇರಿಸಿದೆ. ನಮ್ಮಲ್ಲೂ ಅದು ಬರಲಿ, ಜೊತೆಗೆ ಏಸಿಗೂ ಒಂದು ಬಟನ್ ಇರಲಿ. ಸುರಿಯುವ ಮಳೆಯಲ್ಲಿ ಗಾಜಿನ ಮಂಜು ತೆಗೆಯಲು ಅದೇ ಗತಿ. ಸ್ಕ್ರೀನ್ ಕೆಟ್ಟ ದಿನ ಅದೂ ಕೈಕೊಡಬಾರದು.

ಬದಿಯಡ್ಕ, ಪೆರ್ಲ, ಹೊಸಂಗಡಿ ಕಡೆ ಡಿಸ್‌ಪ್ಲೇ ಮಾತ್ರ ಬಿಚ್ಚಿ ರಿಪೇರಿ ಮಾಡಿಕೊಡುವವರು ಯಾರಾದರೂ ಗೊತ್ತಿದ್ದರೆ ಕೆಳಗೆ ಬರೆಯಿರಿ. ಮಂಗಳೂರಿಗೆ ಹೋಗುವುದು ತಪ್ಪುತ್ತದೆ, ಊರಿನವರಿಗೆ ಕೆಲಸವೂ ಸಿಗುತ್ತದೆ.