ಐದು ಸ್ಟಾರ್ ಕೊಟ್ಟವರೇ, ಆ ಪೆಟ್ಟಿಗೆಯನ್ನು ಒಮ್ಮೆ ಎತ್ತಿ ತೋರಿಸಿ

"ಕೆಳಗಿಡಲು ಮನಸ್ಸೇ ಬರಲಿಲ್ಲ." "ಒಂದೇ ಉಸಿರಿಗೆ ಓದಿ ಮುಗಿಸಿದೆ." "ಪುಟಪುಟಕ್ಕೂ ರೋಮಾಂಚನ." "ಸಿನಿಮಾ ನೋಡಿದ ಹಾಗಿತ್ತು." ಪುರಾತನ ನಿಧಿ ಹುಡುಕುವ ಯಾವ ಥ್ರಿಲ್ಲರ್ ಬಗ್ಗೆ ಬೇಕಾದರೂ ಓದುಗರ ಅಭಿಪ್ರಾಯ ತೆಗೆದು ನೋಡಿ, ಸುತ್ತಿ ಬಳಸಿ ಈ ನಾಲ್ಕೇ ಸಾಲು. ಒಂದು ಪುಸ್ತಕದ ಅಭಿಪ್ರಾಯವನ್ನು ಎತ್ತಿ ಇನ್ನೊಂದಕ್ಕೆ ಅಂಟಿಸಿದರೂ ಯಾರಿಗೂ ಗೊತ್ತಾಗಲ್ಲ. ಅಲ್ರೀ, ಮುಂದೆ ದುಡ್ಡು ಕೊಟ್ಟು ಕೊಳ್ಳುವವನಿಗೆ ಇದರಿಂದ ತಿಳಿಯಿತೇನು? ಇದು ಸರಣಿಯ ಮೊದಲನೆಯ ಪುಸ್ತಕವೋ ಏಳನೆಯದೋ? ಕಥೆ ಇಲ್ಲೇ ಮುಗಿಯುತ್ತದೋ, ಕೊನೆಯ ಪುಟದಲ್ಲಿ ನಾಯಕನನ್ನು ಬಂಡೆಯ ಅಂಚಿಗೆ ನೇತುಹಾಕಿ ಮುಂದಿನ ಭಾಗ ಕೊಳ್ಳಿ ಅನ್ನುತ್ತದೋ? ಹುಡುಕಾಟ ಶುರುವಾಗೋದು ಇಪ್ಪತ್ತನೇ ಪುಟಕ್ಕೋ ಇನ್ನೂರನೇ ಪುಟಕ್ಕೋ? ಒಗಟಿನ ಸುಳಿವುಗಳನ್ನು ಓದುಗನ ಮುಂದೂ ಇಟ್ಟಿದ್ದಾರೋ, ನಾಯಕ ತಾನೊಬ್ಬನೇ ನೋಡಿ "ಓಹ್, ಈಗ ಗೊತ್ತಾಯ್ತು" ಅಂತ ಓಡುತ್ತಾನೋ? ಇವುಗಳಲ್ಲಿ ಒಂದಕ್ಕೂ ಉತ್ತರ ಇಲ್ಲ. ಉಸಿರು ಬಿಗಿಹಿಡಿದದ್ದು ಮಾತ್ರ ಎಲ್ಲರಿಗೂ ನೆನಪಿದೆ.

ಅದಕ್ಕಿಂತ ಮೈ ಉರಿಯೋದು "ಲೇಖಕರ ಸಂಶೋಧನೆ ಅದ್ಭುತ" ಅನ್ನುವ ಮಾತಿಗೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಇದು. ಮ್ಯೂಸಿಯಂ ಫಲಕದಿಂದ ಇಳಿಸಿದ ಹಾಗಿರುವ ಮೂರು ಪುಟದ ಇತಿಹಾಸವನ್ನು ಮುದುಕ ಪ್ರೊಫೆಸರ್ ಬಾಯಲ್ಲಿ ಹೇಳಿಸಿದರೆ ಅದು ಸಂಶೋಧನೆಯಂತೆ. ಅದೇ ಪುಸ್ತಕದ ನಾಯಕ ಬಂಗಾರದ ನಾಣ್ಯ ತುಂಬಿದ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಹಗ್ಗದ ಸೇತುವೆ ದಾಟಿದ್ದು ಇವರ ಕಣ್ಣಿಗೆ ಬೀಳಲೇ ಇಲ್ಲ.

ಲೆಕ್ಕ ಹಾಕೋಣ ಬನ್ನಿ. ಬಂಗಾರದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 19.3 ಗ್ರಾಂ. ಅಂದರೆ ಒಂದು ಲೀಟರ್ ನೀರಿನ ಬಾಟಲಿಯಷ್ಟು ಜಾಗದಲ್ಲಿ ಗಟ್ಟಿ ಬಂಗಾರ ತುಂಬಿದರೆ 19 ಕೆಜಿ ದಾಟುತ್ತದೆ. ಈ ಕಥೆಗಳಲ್ಲಿ ಬರುವ ಪೆಟ್ಟಿಗೆ 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರ ಅಂತಿಟ್ಟುಕೊಳ್ಳಿ, ಚಿಕ್ಕದೇ ಆಯಿತು. 54 ಲೀಟರ್. ನಾಣ್ಯಗಳ ಮಧ್ಯದ ಸಂದುಗಳಿಗೆ ಅಂತ ಧಾರಾಳವಾಗಿ ಅರ್ಧ ಜಾಗ ಬಿಟ್ಟುಬಿಡಿ, 27 ಲೀಟರ್ ಉಳಿಯಿತು. ಹಳೆಯ ನಾಣ್ಯದಲ್ಲಿ ಬೆಳ್ಳಿ, ತಾಮ್ರ ಬೆರೆತಿರುತ್ತದೆ ಅಂತ ಇನ್ನಷ್ಟು ಕಳೆದರೂ ತೂಕ 500 ಕೆಜಿ ಆಸುಪಾಸಿಗೆ ಬಂದು ನಿಲ್ಲುತ್ತದೆ. ಎತ್ತುವುದು ಹಾಗಿರಲಿ, ಅಷ್ಟು ಭಾರವನ್ನು ಹಳೇ ಮರದ ತಳ, ತುಕ್ಕು ಹಿಡಿದ ಹಿಡಿಕೆ ತಡೆಯುವುದೇ ಇಲ್ಲ. ಎಳೆದ ಕೂಡಲೇ ಹಿಡಿಕೆ ಕೈಗೆ ಬರುತ್ತದೆ, ಪೆಟ್ಟಿಗೆ ಅಲ್ಲೇ ಕೂತಿರುತ್ತದೆ.

ತಲೆಯಷ್ಟು ದೊಡ್ಡ ಗಟ್ಟಿ ಬಂಗಾರದ ವಿಗ್ರಹವನ್ನು ಒಂದೇ ಕೈಯಲ್ಲಿ ಹಿಡಿದು ಓಡುವವರೂ ಇದ್ದಾರೆ. ಮೂರೂವರೆ ಲೀಟರ್ ಗಾತ್ರ ಅಂದರೂ 67 ಕೆಜಿ, ಒಬ್ಬ ಮನುಷ್ಯನ ತೂಕ! ಈಜಿಪ್ಟಿನ ಪುರಾತನ ರಾಜ ಟುಟಾಂಖಾಮುನ್‌ನ ಹೆಸರುವಾಸಿ ಮುಖವಾಡ ಇಡೀ ತಲೆ, ಭುಜ ಮುಚ್ಚುವಷ್ಟು ದೊಡ್ಡದು. ಆದರೂ ಸುಮಾರು 10 ಕೆಜಿ ಮಾತ್ರ ಇರೋದು ಯಾಕೆ? ಅದು ತಗಡು ಬಡಿದು ಮಾಡಿದ್ದು. ಅದೇ ಗೋರಿಯ ಎಲ್ಲಕ್ಕಿಂತ ಒಳಗಿನ ಶವಪೆಟ್ಟಿಗೆ ಬಂಗಾರದ ದಪ್ಪ ತಗಡಿನದ್ದು, ಅದೊಂದೇ 110 ಕೆಜಿ. ಪೊಳ್ಳೋ ಗಟ್ಟಿಯೋ ಅಂತ ಲೇಖಕ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಅವರು ಬರೆಯಲ್ಲ, ಓದಿದವರೂ ಕೇಳಲ್ಲ.

ಇನ್ನು ಪಂಜು. ಮೂರು ಸಾವಿರ ವರ್ಷ ಮುಚ್ಚಿದ್ದ ಗೋರಿಯ ಗೋಡೆ ಒಡೆದ ಮರುಕ್ಷಣ ನಾಯಕ ಉರಿಯುವ ಪಂಜು ಹಿಡಿದು ಒಳಗೆ ನುಗ್ಗುತ್ತಾನೆ, ಹಿಂದೆ ನಾಯಕಿ, ಅವಳ ಹಿಂದೆ ಪ್ರೊಫೆಸರ್. 1922ರ ನವೆಂಬರ್ 26ರಂದು, ಟುಟಾಂಖಾಮುನ್‌ನ ಗೋರಿ ಪತ್ತೆಹಚ್ಚಿದ ಹೊವಾರ್ಡ್ ಕಾರ್ಟರ್ ಮಾಡಿದ್ದೇನು ಗೊತ್ತೇ? ಬಾಗಿಲಿಗೆ ಸಣ್ಣ ತೂತು ಕೊರೆದು, ಅದರ ಮುಂದೆ ಮೇಣದಬತ್ತಿ ಹಿಡಿದು, ಕೆಟ್ಟ ಗಾಳಿ ಇದೆಯೇ ಅಂತ ಮೊದಲು ನೋಡಿದ. ಒಳಗಿನ ಮರ, ಬಟ್ಟೆ, ಹೆಣ ಕೊಳೆಯುವಾಗ ಆಮ್ಲಜನಕ ಖರ್ಚಾಗುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಗಾಳಿಯಲ್ಲಿ ಸಾಮಾನ್ಯವಾಗಿ 21 ಪ್ರತಿಶತ ಇರುವ ಆಮ್ಲಜನಕ 16ರ ಹತ್ತಿರಕ್ಕೆ ಇಳಿದರೆ ಬತ್ತಿ ಆರುತ್ತದೆ. ಅಂಥ ಕೋಣೆಗೆ ಮೂರು ಜನ, ಮೇಲೊಂದು ಪಂಜು! ಪಂಜಿನ ಮಸಿ ಗೋಡೆಚಿತ್ರದ ಮೇಲೆ ಕೂರುವ ವಿಷಯ ಬೇರೆ. ಆ ಕಾರ್ಟರ್ ತಂಡ ಐದು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಒಂದೊಂದಾಗಿ ನಂಬರ್ ಹಾಕಿ, ಫೋಟೊ ತೆಗೆದು, ಮೇಣ ಹಚ್ಚಿ ಗಟ್ಟಿ ಮಾಡಿ ಹೊರಗೆ ತರಲು ಸುಮಾರು ಹತ್ತು ವರ್ಷ ಹಿಡಿಯಿತು. ನಮ್ಮ ನಾಯಕನಿಗೆ ಹತ್ತು ನಿಮಿಷ ಸಾಕು.

ಬಾಣ ಉಗುಳುವ ಗೋಡೆಗಳ ಬಗ್ಗೆ "ಎದೆ ಝಲ್ಲೆಂದಿತು" ಅಂತ ಬರೆಯುವವರಿಗೆ ಒಂದು ವಿಷಯ. ಚೀನಾದ ಮೊದಲ ಚಕ್ರವರ್ತಿ ಛಿನ್ ಶಿ ಹುವಾಂಗ್‌ನ ಗೋರಿಯಲ್ಲಿ ತಾನಾಗಿ ಬಾಣ ಬಿಡುವ ಬಿಲ್ಲುಗಳಿವೆ ಅಂತ ಇತಿಹಾಸಕಾರ ಸಿಮಾ ಚಿಯೆನ್ ಬರೆದಿರುವುದು ನಿಜ. ಮುಖ್ಯ ಗೋರಿಯನ್ನು ಇವತ್ತಿಗೂ ತೆರೆದಿಲ್ಲ. ಆದರೆ ಪಕ್ಕದ ಗುಂಡಿಗಳಲ್ಲಿ, 1974ರಲ್ಲಿ ಬೆಳಕಿಗೆ ಬಂದ ಮಣ್ಣಿನ ಸೈನಿಕರ ಜೊತೆ ಸಿಕ್ಕ ಅಡ್ಡಬಿಲ್ಲುಗಳ ಗತಿ ನೋಡಿ. ಉಳಿದದ್ದು ಕಂಚಿನ ಟ್ರಿಗರ್ ಮತ್ತು ಬಾಣದ ಮೊನೆ. ಮರ, ಹೆದೆ ಎಲ್ಲ ಕೊಳೆತು ಮಣ್ಣಾಗಿವೆ. ಎರಡು ಸಾವಿರ ವರ್ಷ ಎಳೆದು ಕಟ್ಟಿಟ್ಟ ಹೆದೆ ಕಾಲಿಟ್ಟ ತಕ್ಷಣ ಚಿಮ್ಮುವುದಿಲ್ಲ ಸ್ವಾಮಿ. ಕೆಲಸ ಮಾಡುವ ಅಡೆತಡೆ ಬೇಕೆಂದರೆ ಕಲ್ಲಿದೆ, ಮರಳಿದೆ, ಕುಸಿಯುವ ಚಾವಣಿ ಇದೆ. ಈಜಿಪ್ಟಿನವರು ಗ್ರಾನೈಟ್ ಬಂಡೆಗಳನ್ನು ಜಾರಿಸಿ ದಾರಿ ಮುಚ್ಚುತ್ತಿದ್ದರು. ಗೀಜಾದ ದೊಡ್ಡ ಪಿರಮಿಡ್ಡಿಗೆ ನುಗ್ಗಿದವರು ಆ ಗ್ರಾನೈಟನ್ನು ಮುಟ್ಟದೆ ಪಕ್ಕದ ಮೆದು ಸುಣ್ಣಕಲ್ಲನ್ನು ಕೊರೆದುಕೊಂಡು ಸುತ್ತಿ ಹೋದರು. ಇದರಲ್ಲಿ ಎಷ್ಟು ಒಳ್ಳೆಯ ಅಧ್ಯಾಯ ಅಡಗಿದೆ! ಬರೆಯುವವರು ಯಾರು, ಬಾಣಕ್ಕೇ ಐದು ಸ್ಟಾರ್ ಬೀಳುತ್ತಿರುವಾಗ.

ನಕ್ಷೆಯ ವಿಷಯಕ್ಕೆ ಬಂದರೆ ನನ್ನ ತಾಳ್ಮೆ ಪೂರ್ತಿ ಕೆಡುತ್ತದೆ. 1680ರ ಕಡಲ್ಗಳ್ಳನ ಚರ್ಮದ ನಕ್ಷೆಯಂತೆ, ಅದರ ಮೇಲೆ ಅಕ್ಷಾಂಶ, ರೇಖಾಂಶ ಡಿಗ್ರಿ, ನಿಮಿಷ, ಸೆಕೆಂಡ್ ಸಮೇತ. ನಾಯಕ ಅದನ್ನು ನೇರ ಜಿಪಿಎಸ್‌ಗೆ ಒತ್ತುತ್ತಾನೆ, ದ್ವೀಪ ಸಿಗುತ್ತದೆ. ಅಕ್ಷಾಂಶ ಸರಿ, ಸೂರ್ಯನ ಎತ್ತರ ಅಳೆದು ಹೇಳಬಹುದಿತ್ತು, ಅದೂ ಸೆಕೆಂಡಿನ ಮಟ್ಟಕ್ಕಲ್ಲ. ರೇಖಾಂಶ? ಸಮುದ್ರದ ನಡುವೆ ಅದನ್ನು ನಂಬಿಕೆಯಿಂದ ಅಳೆಯುವ ಗಡಿಯಾರ ಇರಲೇ ಇಲ್ಲ. ಜಾನ್ ಹ್ಯಾರಿಸನ್‌ನ ಈ ಕೆಲಸ ಸಾಧಿಸಿದ ನಾಲ್ಕನೆಯ ಗಡಿಯಾರ ಪರೀಕ್ಷೆಗೆ ಹಡಗು ಹತ್ತಿದ್ದು 1761ರಲ್ಲಿ. ಗ್ರೀನಿಚ್ಚನ್ನು ಸೊನ್ನೆ ಡಿಗ್ರಿ ಅಂತ ದೇಶಗಳು ಸೇರಿ ಒಪ್ಪಿಕೊಂಡಿದ್ದು 1884ರಲ್ಲಿ. ಹಾಗಾದರೆ ಆ ಕಳ್ಳ ಎಲ್ಲಿಂದ ಎಣಿಸಿದ? ಸಮಭಾಜಕದ ಹತ್ತಿರ ಒಂದು ಡಿಗ್ರಿ ತಪ್ಪಿದರೆ 111 ಕಿ.ಮೀ. ಆಚೀಚೆ, ನಡುನೀರಿನಲ್ಲಿ ಅಗೆಯಬೇಕು.

"ಒಂಟಿ ಬಂಡೆಯಿಂದ ಉತ್ತರಕ್ಕೆ ಸಾವಿರ ಹೆಜ್ಜೆ" ಅನ್ನುವುದೂ ಅಷ್ಟು ಸಲೀಸಲ್ಲ. ದಿಕ್ಸೂಚಿ ತೋರುವ ಉತ್ತರ ಕಾಲಕಾಲಕ್ಕೆ ಜರುಗುತ್ತದೆ. ಲಂಡನ್ನಿನಲ್ಲಿ 1580ರ ಸುಮಾರಿಗೆ ಮುಳ್ಳು ನಿಜವಾದ ಉತ್ತರಕ್ಕಿಂತ 11 ಡಿಗ್ರಿ ಪೂರ್ವಕ್ಕಿತ್ತು, 1820ರ ಹೊತ್ತಿಗೆ 24 ಡಿಗ್ರಿ ಪಶ್ಚಿಮಕ್ಕೆ ವಾಲಿತ್ತು. ಒಟ್ಟು 35 ಡಿಗ್ರಿ. ಸಾವಿರ ಹೆಜ್ಜೆಗೆ ಅದು ಸುಮಾರು 600 ಹೆಜ್ಜೆ ತಪ್ಪು ಜಾಗ. ನಕ್ಷೆಯ ಇಸವಿ ಗೊತ್ತಿದ್ದವನಿಗೆ ನಿಧಿ, ಗೊತ್ತಿಲ್ಲದ ವಿಲನ್‌ಗೆ ಬರೀ ಗುಂಡಿ! ಇಂಥ ತಿರುವು ಬಿಟ್ಟಿಯಾಗಿ ಬಿದ್ದಿದ್ದರೂ ಎತ್ತಿಕೊಳ್ಳಲ್ಲ. ನಕ್ಷತ್ರಗಳದ್ದೂ ಇದೇ ಕಥೆ. ಭೂಮಿಯ ಅಕ್ಷ ಬುಗುರಿಯಂತೆ ತೂಗುವುದರಿಂದ ಸುಮಾರು 72 ವರ್ಷಕ್ಕೊಂದು ಡಿಗ್ರಿ ವ್ಯತ್ಯಾಸ, ಮೂರು ಸಾವಿರ ವರ್ಷಕ್ಕೆ 40 ಡಿಗ್ರಿ ದಾಟುತ್ತದೆ. ಪಿರಮಿಡ್ ಕಟ್ಟಿದವರ ಧ್ರುವ ನಕ್ಷತ್ರ ಈಗಿನದ್ದಲ್ಲ. ಇವತ್ತಿನ ಧ್ರುವ ನಕ್ಷತ್ರದ ನೇರಕ್ಕೆ ರಹಸ್ಯ ಬಾಗಿಲು ತೆರೆಯಿತು ಅಂತ ಬರೆದದ್ದಕ್ಕೆ "ಖಗೋಳ ಜ್ಞಾನ ಮೆಚ್ಚಬೇಕು" ಅಂತ ಒಬ್ಬರ ಉದ್ಗಾರ. ಏನು ಹೇಳೋದು.

ಯಾರೂ ಓದಲಾಗದ ಲಿಪಿಯನ್ನು ಮೊಬೈಲ್ ಬೆಳಕಿನಲ್ಲಿ ಎರಡು ನಿಮಿಷಕ್ಕೆ ಓದುವ ನಾಯಕಿಯ ಬಗ್ಗೆ ಹೆಚ್ಚು ಹೇಳಲ್ಲ. ಈಜಿಪ್ಟಿನ ಚಿತ್ರಲಿಪಿ ಬಿಡಿಸಲು ನೆರವಾದ ರೊಸೆಟ್ಟಾ ಕಲ್ಲು ಸಿಕ್ಕಿದ್ದು 1799ರಲ್ಲಿ, ಪಕ್ಕದಲ್ಲೇ ಗ್ರೀಕ್ ಅನುವಾದ ಇದ್ದರೂ ಶಾಂಪೋಲಿಯನ್‌ಗೆ ಬೀಗದ ಕೈ ಸಿಕ್ಕಿದ್ದು 1822ರಲ್ಲಿ. ಪುರಾತನ ಗ್ರೀಸಿನ ಲೀನಿಯರ್ ಬಿ ಲಿಪಿಯನ್ನು ಮೈಕೆಲ್ ವೆಂಟ್ರಿಸ್ ಬಿಡಿಸಿದ್ದು 1952ರಲ್ಲಿ. ಬಿಡಿಸಿದ ಮೇಲೆ ಸಿಕ್ಕಿದ್ದೇನು? ಕುರಿ, ಉಣ್ಣೆ, ಎಣ್ಣೆಯ ಲೆಕ್ಕಪತ್ರ. ಅದಕ್ಕೂ ಹಳೆಯ ಲೀನಿಯರ್ ಎ ಲಿಪಿ ಇನ್ನೂ ಬಾಯಿ ಬಿಟ್ಟಿಲ್ಲ. ಹಾಗೆಯೇ "ಕಿರೀಟದ ಬಂಗಾರವನ್ನು ಕಾರ್ಬನ್ ಡೇಟಿಂಗ್ ಮಾಡಿಸಿದೆವು" ಅನ್ನುವ ಸಾಲು ಕಂಡರೆ ಪುಸ್ತಕ ಮುಚ್ಚಿಬಿಡಿ. ವಯಸ್ಸು ಅಳೆಯುವ ಆ ವಿಧಾನ ನಡೆಯೋದು ಒಂದು ಕಾಲದಲ್ಲಿ ಜೀವ ಇದ್ದ ವಸ್ತುವಿಗೆ: ಮರ, ಮೂಳೆ, ಬಟ್ಟೆ, ಇದ್ದಿಲು.

ಮುಳುಗಿದ ಹಡಗಿನ ಕಥೆಗಳ ಅಭಿಪ್ರಾಯಗಳಂತೂ ಇನ್ನೂ ಕಡೆ. ನಾಯಕ ಮಾಮೂಲಿ ಗಾಳಿಯ ಒಂದು ಸಿಲಿಂಡರ್ ಕಟ್ಟಿಕೊಂಡು 60 ಮೀಟರ್ ಆಳದಲ್ಲಿ ಅರ್ಧ ಗಂಟೆ ಹುಡುಕುತ್ತಾನೆ, ವಿಲನ್ ಜೊತೆ ಹೊಡೆದಾಡುತ್ತಾನೆ, ಸರ್ರನೆ ಮೇಲೆ ಬಂದು ನಗುತ್ತಾನೆ. 12 ಲೀಟರ್ ಸಿಲಿಂಡರನ್ನು 200 ಬಾರ್ ಒತ್ತಡಕ್ಕೆ ತುಂಬಿದರೆ 2,400 ಲೀಟರ್ ಗಾಳಿ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಸಾಕು, 60 ಮೀಟರ್ ಕೆಳಗೆ ಒತ್ತಡ ಏಳು ಪಟ್ಟು, ಹಾಗಾಗಿ 140 ಲೀಟರ್ ಬೇಕು. 17 ನಿಮಿಷಕ್ಕೆ ಪೂರ್ತಿ ಖಾಲಿ. ಹೊಡೆದಾಡಿದರೆ ಅದರಲ್ಲೂ ಅರ್ಧ. 30 ಮೀಟರ್ ದಾಟುತ್ತಿದ್ದ ಹಾಗೆ ನೈಟ್ರೋಜನ್ ತಲೆಗೇರಿ ಮಂಕು ಹಿಡಿಯುತ್ತದೆ. ಮೇಲೆ ಬರುವಾಗ ನಿಮಿಷಕ್ಕೆ 9 ಮೀಟರಿಗಿಂತ ಅವಸರ ಮಾಡಬಾರದು, ನಡುನಡುವೆ ನಿಂತು ಬರಬೇಕು, ಇಲ್ಲದಿದ್ದರೆ ರಕ್ತದಲ್ಲೇ ಗುಳ್ಳೆ ಏಳುತ್ತದೆ. ಅವನು ಹೊಳೆಯುವ ಬೆಳ್ಳಿ ನಾಣ್ಯ ಹಿಡಿದು ತರುವುದಂತೂ ನಗೆಪಾಟಲು. ಸಮುದ್ರದಲ್ಲಿ ಶತಮಾನ ಕಳೆದ ಬೆಳ್ಳಿ ಕರ್ರಗೆ ಗಂಟುಗಂಟಾಗಿ ಹೆಪ್ಪುಗಟ್ಟಿರುತ್ತದೆ, ಹೊಳಪು ಉಳಿಯುವುದು ಬಂಗಾರಕ್ಕೆ ಮಾತ್ರ.

ಸಿಕ್ಕ ಮೇಲೆ ನಿಧಿ ಯಾರದ್ದು ಅಂತಲೂ ಯಾರಿಗೂ ಚಿಂತೆಯಿಲ್ಲ. 1804ರಲ್ಲಿ ಮುಳುಗಿದ ಸ್ಪೇನಿನ ಮರ್ಸಿಡಿಸ್ ಹಡಗಿನಿಂದ 2007ರಲ್ಲಿ ಒಂದು ಅಮೆರಿಕನ್ ಕಂಪನಿ ಸುಮಾರು 17 ಟನ್ ನಾಣ್ಯ ಎತ್ತಿತು. ಸ್ಪೇನ್ ಕೋರ್ಟಿಗೆ ಹೋಯಿತು, 2012ರಲ್ಲಿ ನಾಣ್ಯಗಳು ವಿಮಾನ ಹತ್ತಿ ಸ್ಪೇನಿಗೆ ವಾಪಸ್. ಐದು ವರ್ಷದ ಆ ಜಗಳದಲ್ಲಿ ಇರುವಷ್ಟು ಥ್ರಿಲ್ ಈ ಪುಸ್ತಕಗಳ ಕೊನೆಯ ಅಧ್ಯಾಯದ ವಿಹಾರನೌಕೆಯಲ್ಲಿ ಇಲ್ಲ.

ಇಷ್ಟು ಹೇಳಿದರೆ ಬರುವ ಉತ್ತರ ಗೊತ್ತೇ ಇದೆ: "ಕಥೆ ಕಣ್ರೀ, ಮೊಸರಲ್ಲಿ ಕಲ್ಲು ಹುಡುಕಬೇಡಿ." ಶಾಪ ಇರಲಿ, ಸಾವಿಲ್ಲದ ಕಾವಲುಗಾರ ಇರಲಿ, ನನ್ನದೇನೂ ತಕರಾರಿಲ್ಲ, ಅದು ಆ ಲೋಕದ ನಿಯಮ. ರಕ್ಷಾಪುಟದಲ್ಲಿ "ನೈಜ ಸಂಗತಿಗಳನ್ನು ಆಧರಿಸಿದ್ದು" ಅಂತ ಅಚ್ಚು ಹಾಕಿ ಕಿವಿಗೆ ಹೂವಿಟ್ಟರೆ ಮಾತ್ರ ಕೇಳುವ ಹಕ್ಕಿದೆ. ಸಾಲದ್ದಕ್ಕೆ ಈ ಜಾತಿಯ ಕಥೆಗೆ ಬಿಗಿ ಬರೋದೇ ಇಂಥ ಇಕ್ಕಟ್ಟುಗಳಿಂದ. ಪೆಟ್ಟಿಗೆ 500 ಕೆಜಿ, ಹೊರಲು ಇಬ್ಬರು, ನೀರು ಏರುತ್ತಿದೆ ಅಂದಾಗ ಏನು ಬಿಡಬೇಕು, ಏನು ಒಯ್ಯಬೇಕು ಅನ್ನುವ ಪ್ರಶ್ನೆ ಹುಟ್ಟುತ್ತದೆ. ಪೆಟ್ಟಿಗೆಯೇ ಹಗುರವಾದರೆ ಓಟ ಬಿಟ್ಟು ಇನ್ನೇನೂ ಉಳಿಯಲ್ಲ. ಆ ಓಟಕ್ಕೇ ನೀವು "ವೇಗ ಅದ್ಭುತ" ಅಂತ ಸ್ಟಾರ್ ಕೊಡುತ್ತಾ ಹೋದರೆ ಲೇಖಕ ಯಾಕೆ ತಕ್ಕಡಿ ಮುಟ್ಟುತ್ತಾನೆ?

ಒಂದು ಸ್ಟಾರ್ ಕೊಡುವವರೇನು ಕಡಿಮೆಯಲ್ಲ. ಪಾರ್ಸೆಲ್ ತಡವಾಯಿತು, ಒಂದು ಸ್ಟಾರ್. ಮುಖಪುಟ ಮಡಚಿತ್ತು, ಒಂದು ಸ್ಟಾರ್. ಆಡಿಯೊದಲ್ಲಿ ಓದಿದವರ ದನಿ ಹಿಡಿಸಲಿಲ್ಲ, ಅಚ್ಚಾದ ಪುಸ್ತಕಕ್ಕೂ ಸೇರಿಸಿ ಒಂದು ಸ್ಟಾರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆರನೇ ಭಾಗದಿಂದ ಓದಲು ಶುರು ಮಾಡಿ "ಪಾತ್ರಗಳು ಯಾರೆಂದೇ ತಿಳಿಯಲಿಲ್ಲ" ಅನ್ನುವವರೂ ಇದ್ದಾರೆ.

ಇವರೆಲ್ಲರನ್ನೂ ಸಹಿಸಬಹುದು. ಸಹಿಸಲಾಗದವರು "ಕ್ಲೈಮ್ಯಾಕ್ಸ್ ಊಹಿಸಬಹುದಾಗಿತ್ತು" ಅಂತ ಶುರು ಮಾಡಿ, ಜೊತೆಗಿದ್ದ ಯಾರು ದ್ರೋಹಿ, ನಿಧಿ ಯಾವ ಬಲಿಪೀಠದ ಕೆಳಗಿತ್ತು, ಕೊನೆಗೆ ಯಾರು ಸತ್ತರು ಅನ್ನುವುದನ್ನೆಲ್ಲ ಮೊದಲ ಸಾಲಿನಲ್ಲೇ ಕಕ್ಕಿಬಿಡುವವರು. ಊಹಿಸಬಹುದಾಗಿತ್ತಾದರೆ ನಮಗೂ ಊಹಿಸಲು ಬಿಡಬಹುದಿತ್ತಲ್ಲ ಮಾರಾಯ್ರೆ? "ಮುಂದೆ ಗುಟ್ಟು ರಟ್ಟಾಗಿದೆ" ಅಂತ ಮೇಲೊಂದು ಸಾಲು ಹಾಕಿ, ನಾಲ್ಕು ಸಾಲು ಜಾಗ ಬಿಟ್ಟು ಬರೆಯಲು ಇವರ ಗಂಟೇನು ಹೋಗುತ್ತಿತ್ತು?